ಗಡಿಯಾರದ ಏಳನೆಯ ಹೊಡೆತ

ಚಿಕ್ಕಮ್ಮಾ,

ನೀನು ನನ್ನಲ್ಲಿ ಕೇಳಿದ್ದು ಒಂದೇ ಒಂದು. "ಊರಿಗೆ ಕೇಳಿಸೋ ಮೊದಲು ನನಗೊಂದು ಸಲ ಕೇಳಿಸು." ನಾನು ಕೇಳಿಸಲಿಲ್ಲ. ಅದು ತಪ್ಪು. ಮರೆತು ಆದದ್ದಲ್ಲ, ಪುರುಸೊತ್ತು ಸಿಗದೆ ಆದದ್ದೂ ಅಲ್ಲ, ಗೊತ್ತಿದ್ದೇ ಮಾಡಿದೆ. ಅದರಿಂದ ಇವತ್ತು ನಿನ್ನ ಕೆಲಸ ಹೋಗುವ ಹಾಗಾಗಿದೆ. ಚಿಕ್ಕಪ್ಪನಿಂದಲೂ ನೀನು ಮುಚ್ಚಿಟ್ಟಿದ್ದ ಮಾತು ಅವರದೇ ಕ್ಷೌರದಂಗಡಿಯ ರೇಡಿಯೋದಲ್ಲಿ, ಗಿರಾಕಿಗಳ ಎದುರಿಗೆ ಹೊರಬಿದ್ದಿದೆ. ಮುಖ್ಯವಾದದ್ದನ್ನು ಮೊದಲು ಹೇಳು, ಓದುವವರು ಎದ್ದು ಹೋಗುವ ಮೊದಲು ಹೇಳು ಎಂದು ಎರಡು ವರ್ಷದಿಂದ ನಮಗೆ ತರಗತಿಯಲ್ಲಿ ಕಲಿಸಿದ್ದಾರೆ. ನೀನು ಈ ಕಾಗದವನ್ನು ಅರ್ಧಕ್ಕೇ ಮಡಚಿಟ್ಟರೂ ಇಷ್ಟಂತೂ ನಿನಗೆ ತಲುಪಿರಲಿ.

ಹನ್ನೊಂದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಮೊದಲ ನಾಲ್ಕು ದಿನ ಕೆಲಸದ ಗಡಿಬಿಡಿ ಎಂದುಕೊಂಡೆ. ಐದನೆಯ ದಿನ ಗೊತ್ತಾಯಿತು, ನಿನಗೆ ಕೆಲಸವೇ ಇಲ್ಲದಂತೆ ಮಾಡಿದವಳು ನಾನೇ ಎಂದು. ಆಮೇಲಿಂದ ಈ ಹಾಸ್ಟೆಲಿನಲ್ಲಿ ಯಾರ ಫೋನ್ ಬಡಿದುಕೊಂಡರೂ ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಗುತ್ತದೆ. ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತರೆ ನನ್ನ ಸರದಿ ಬಂದದ್ದೇ ತಿಳಿಯುವುದಿಲ್ಲ. ನಿನ್ನೆ ಅಡುಗೆಯವರು, "ಏನಮ್ಮಾ, ಸೌಟಿನ ಸಂದರ್ಶನ ಮಾಡ್ತಿದೀಯಾ? ಬೇಗ ಮುಗಿಸು, ಹಿಂದಿನೋರಿಗೆ ಹಸಿವು," ಎಂದರು. ಎಲ್ಲರೂ ನಕ್ಕರು. ನಾನು ಬಡಿಸಿದ್ದನ್ನು ತಿಂದೆನೋ ಇಲ್ಲವೋ ನೆನಪಿಲ್ಲ.

ನೀನು ಬೆರಳಿಟ್ಟು ನಿಧಾನವಾಗಿ ಓದುತ್ತೀ ಎಂದು ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಗುಂಡಿ ಅಕ್ಕನ ಕೈಯಲ್ಲಿ ಕಳಿಸುತ್ತೇನೆ. ನಿಮ್ಮ ಲಾಂಡ್ರಿಯಲ್ಲಿ ಗುಂಡಿ ಹೊಲಿಯುವ ಅವಳೊಬ್ಬಳೇ ಈಗ ನಮ್ಮಿಬ್ಬರ ಜೊತೆಗೂ ಮಾತಾಡುವವಳು.

ಎರಡು ವರ್ಷದ ಹಿಂದೆ ಪತ್ರಿಕೋದ್ಯಮ ಮತ್ತು ಮಾಧ್ಯಮ ಸಂವಹನದ ಎಂ.ಎ.ಗೆ ಸೀಟು ಸಿಕ್ಕಿತೆಂದು ನಾನು ಓಡಿಬಂದು ಹೇಳಿದಾಗ ನೀನು ಕೈ ಒರೆಸಿಕೊಳ್ಳುತ್ತಾ ಕೇಳಿದ್ದೆ: "ಅದ್ರಲ್ಲಿ ಏನು ಕಲಿಸ್ತಾರೆ, ಮಾತಾಡೋದನ್ನಾ? ನಿನಗೆ ಮಾತು ಕಮ್ಮಿ ಮಾಡೋದನ್ನ ಕಲಿಸೋ ಕಾಲೇಜು ಇದ್ರೆ ಹೇಳು, ನಾನೇ ಕೈ ಹಿಡ್ಕೊಂಡು ಬಂದು ಸೇರಿಸ್ತೀನಿ." ಚಿಕ್ಕಪ್ಪ, "ಬಿಡೇ, ಕರಪತ್ರ ಬೆಳೆದು ಪತ್ರಿಕೆ ಆಗ್ತಿದೆ," ಎಂದಿದ್ದರು. ಹಾಗೆಂದವರು ಮಾರನೆಯ ದಿನವೇ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅರ್ಧ ಗಲ್ಲ ಬೋಳಿಸಿ, ಸೀಟಿನ ಸುದ್ದಿ ಹೇಳಿ ಮುಗಿಸಿದ ಮೇಲೇ ಉಳಿದರ್ಧ ಬೋಳಿಸಿದರಂತೆ.

ಕರಪತ್ರ ಎಂದು ಅವರು ನನಗೆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಅಮ್ಮ ದೂರದ ಕೆಲಸಕ್ಕೆ ಹೋಗಬೇಕಾಗಿ ಬಂದು ನನ್ನನ್ನು ನಿಮ್ಮ ಮನೆಯಲ್ಲಿ ಬಿಟ್ಟಾಗ ನನಗೆ ಹತ್ತು ವರ್ಷ. ಶಾಲೆ ಬಿಟ್ಟ ಮೇಲೆ ನೀನು ಲಾಂಡ್ರಿಯಿಂದ ಬರುವವರೆಗೆ ಅಂಗಡಿಯ ಮೂಲೆಯ ಬೆಂಚೇ ನನ್ನ ಮನೆ. ರೇಜರಿನ ನೊರೆ ಒರೆಸುವುದಕ್ಕೆ ಚಿಕ್ಕಪ್ಪ ಹಳೆಯ ಕರಪತ್ರಗಳನ್ನು ಅಂಗೈಯಗಲ ಕತ್ತರಿಸಿ ಮೊಳೆಗೆ ಚುಚ್ಚಿಡುತ್ತಿದ್ದರು. ಕಾರ್ಮಿಕರದು, ವಿದ್ಯಾರ್ಥಿಗಳದು, ನಲ್ಲಿಯಲ್ಲಿ ನೀರು ಕೇಳುವವರದು. ನಾನು ಓದಿ ಬೆಳೆದದ್ದು ಆ ಚೂರುಗಳನ್ನು. ಒಂದರಲ್ಲೂ ವಾಕ್ಯ ಪೂರ್ತಿ ಇರುತ್ತಿರಲಿಲ್ಲ. ಅರ್ಧ ಓದುತ್ತಿದ್ದೆ, ಉಳಿದರ್ಧ ನಾನೇ ತುಂಬಿಕೊಳ್ಳುತ್ತಿದ್ದೆ. ಅದೇ ಅಭ್ಯಾಸವಾಯಿತು. ಯಾರು ಬಾಯಿ ತೆರೆದರೂ ಅವರ ಮಾತು ಮುಗಿಯುವ ಮೊದಲೇ ಅದರ ಕೊನೆ ನನಗೆ ಗೊತ್ತು ಎಂದುಕೊಳ್ಳುವ ಅಭ್ಯಾಸ.

ಆ ಚೂರುಗಳಲ್ಲಿ ಒಂದನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಹಾಸ್ಟೆಲಿನ ಗೋಡೆಗೆ, ತಲೆದಿಂಬಿನ ಮೇಲೆ ಅಂಟಿಸಿದ್ದೇನೆ. 'ನಿಜ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ' ಎಂದಿದೆ, ಅಲ್ಲಿಗೆ ಕತ್ತರಿ ಬಿದ್ದಿದೆ. ಹನ್ನೆರಡು ವರ್ಷ ಅದನ್ನು ಪೂರ್ಣ ವಾಕ್ಯ ಎಂದೇ ನಂಬಿದ್ದೆ. ಈ ಹನ್ನೊಂದು ದಿನದಲ್ಲಿ ದಿನಾ ನೋಡುತ್ತೇನೆ. ಅದರ ಮುಂದೆ 'ಆದರೆ' ಎಂದು ಏನಾದರೂ ಇತ್ತೋ ಏನೋ. ಯಾವ ಗಿರಾಕಿಯ ಗಲ್ಲದ ನೊರೆಯ ಜೊತೆ ಹೋಯಿತೋ.

ಕೊನೆಯ ಸೆಮಿಸ್ಟರಿಗೆ ನಾವು ಒಬ್ಬೊಬ್ಬರೂ ಇಪ್ಪತ್ತೆರಡು ನಿಮಿಷದ ರೇಡಿಯೋ ಕಾರ್ಯಕ್ರಮ ಮಾಡಬೇಕು, ಅದು ವಿಶ್ವವಿದ್ಯಾಲಯದ ಬಾನುಲಿಯಲ್ಲಿ ಪ್ರಸಾರ ಆಗಬೇಕು. ಅದೇ ನಮ್ಮ ಪ್ರಾಜೆಕ್ಟ್. ಬೇರೆಯವರು ಹಾಡುಗಾರರನ್ನು, ಆಟಗಾರರನ್ನು ಹುಡುಕಿಕೊಂಡು ಹೋದರು. ನನಗೆ ಹುಡುಕುವುದೇ ಇರಲಿಲ್ಲ. ಆಸ್ಪತ್ರೆಯ ಬೆಡ್‌ಶೀಟುಗಳ ಮೂಟೆಯಲ್ಲಿ ಚುಚ್ಚಿದ ಸೂಜಿಗಳು ಹಾಗೇ ಬರುತ್ತವೆ, ನೀವು ಹದಿನಾಲ್ಕು ಹೆಂಗಸರು ಬರಿಗೈಯಲ್ಲಿ ಅವನ್ನು ಬೇರೆ ಮಾಡುತ್ತೀರಿ, ಗ್ಲೌಸಿನ ಡಬ್ಬ ಸೂಪರ್‌ವೈಸರನ ಬೀರುವಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ, ತಪಾಸಣೆಯವರು ಬಂದ ದಿನ ಮಾತ್ರ ಹೊರಗೆ ಬರುತ್ತದೆ, ಸೂಜಿ ಚುಚ್ಚಿಸಿಕೊಂಡವರು 'ಮನೆಯಲ್ಲಿ ಆದ ಗಾಯ' ಎಂದು ಬರೆದುಕೊಡಬೇಕು. ಇದನ್ನೆಲ್ಲ ನೀನು ಎಷ್ಟೋ ಸಲ ಸೊಪ್ಪು ಬಿಡಿಸುತ್ತಾ, ಮಳೆ ಬಂತು ಬಿಸಿಲು ಬಂತು ಎನ್ನುವ ಹಾಗೆ ಹೇಳಿದ್ದೆ. ಕೇಳಿದಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು. ನೀನು ಮಾತ್ರ, "ಉರ್ಕೊಂಡು ಏನ್ಮಾಡ್ತೀಯಾ, ಬಾ, ಒಲೆ ಉರಿ ನೋಡ್ಕೋ," ಎನ್ನುತ್ತಿದ್ದೆ.

ಆ ಭಾನುವಾರ ಸಂಜೆ ನೆನಪಿದೆಯಲ್ಲ. ಚಿಕ್ಕಪ್ಪನಿಗೆ ಅಂಗಡಿಯಲ್ಲಿ ರಜೆಯ ದಿನದ ನೂಕುನುಗ್ಗಲು. ನಾವಿಬ್ಬರೇ ಕಿಟಕಿ ಮುಚ್ಚಿ ಮಂಚದ ಮೇಲೆ ಎದುರುಬದುರು ಕೂತಿದ್ದೆವು. ಮೈಕಿಗೆ ನಾನು ನಿನ್ನ ಹಳೆಯ ಕಾಲುಚೀಲ ಹಾಕಿದ್ದೆ, ಉಸಿರಿನ ಸದ್ದು ಬಡಿಯದಿರಲಿ ಎಂದು. "ಇದಕ್ಕೂ ಚಳಿನಾ?" ಎಂದೆ ನೀನು. ಹೆಸರು ಹೇಳುವುದಿಲ್ಲ, ಧ್ವನಿ ಬದಲಾಯಿಸುತ್ತೇನೆ ಎಂದು ಮಾತು ಕೊಟ್ಟವಳು ನಾನು. ನೀನು ಅವೆರಡನ್ನೂ ಕೇಳಿರಲಿಲ್ಲ. ನೀನು ಕೇಳಿದ್ದು ಮೊದಲೇ ಬರೆದೆನಲ್ಲ, ಅದೊಂದು.

ಸೂಜಿ, ಗ್ಲೌಸು, ಬೀಗ ಎಲ್ಲ ಆಯಿತು. ಆಮೇಲೆ, ನಾನು ಕೇಳದೆಯೇ, ನೀನು ಇನ್ನೊಂದು ಮಾತು ಹೇಳಿದೆ. ಮೂರು ವರ್ಷದ ಹಿಂದೆ ನಿನಗೇ ಚುಚ್ಚಿತ್ತು, ಹೆಬ್ಬೆರಳಿನ ಬುಡಕ್ಕೆ. ರೋಗ ಅಂಟಿದೆಯೋ ಎಂದು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಟ್ಟೆ. ಮೂರು ತಿಂಗಳ ನಂತರ ಇನ್ನೊಂದು ಸಲ ಪರೀಕ್ಷೆ ಮಾಡಬೇಕು, ಅಲ್ಲಿಯವರೆಗೆ ಏನೂ ಹೇಳುವುದಕ್ಕೆ ಆಗುವುದಿಲ್ಲ ಎಂದರು. "ಆ ಮೂರು ತಿಂಗಳು ನಾನು ನನ್ನ ಲೋಟ ಬೇರೆ ಇಟ್ಕೊಂಡೆ. ಬಾಚಣಿಗೆ ಬೇರೆ, ಟವೆಲ್ ಬೇರೆ. ಲೋಟದಿಂದ ಬರಲ್ಲ ಅಂತ ಡಾಕ್ಟ್ರು ಹೇಳಿದ್ರು. ಹೇಳಿದ್ರೇನು, ಮನೇಲಿ ಮಗು ಇತ್ತು."

ಮಗು ಎಂದದ್ದು ನನ್ನನ್ನು. ನನಗಾಗ ಹತ್ತೊಂಬತ್ತು.

ಆ ಲೋಟ ನನಗೆ ಚೆನ್ನಾಗಿ ನೆನಪಿದೆ ಚಿಕ್ಕಮ್ಮಾ. ಅಂಚು ಸೊಟ್ಟಗಾದ ಸ್ಟೀಲಿನ ಲೋಟ, ಕಿಟಕಿಯ ಮೇಲೆ ಒಂಟಿಯಾಗಿ ಕೂತಿರುತ್ತಿತ್ತು. ಒಂದು ಸಲ ಅದರಲ್ಲಿ ನೀರು ಕುಡಿಯಹೋದ ನನ್ನ ಕೈಯಿಂದ ಕಿತ್ತುಕೊಂಡಿದ್ದೆ. ನಾನು, "ಓಹೋ, ಮಹಾರಾಣಿಯವರ ಲೋಟ," ಎಂದು ಹಂಗಿಸಿದ್ದೆ. ಎರಡು ದಿನ ಮಾತು ಬಿಟ್ಟಿದ್ದೆ. ಎಲ್ಲರೂ ಸಮಾನರು ಎಂದು ಕರಪತ್ರದ ಚೂರಿನಲ್ಲಿ ಓದಿ, ನಮ್ಮ ಮನೆಯಲ್ಲೇ ಒಬ್ಬಳಿಗೆ ಪ್ರತ್ಯೇಕ ಲೋಟವೇ ಎಂದು ನನ್ನ ಡೈರಿಯಲ್ಲಿ ಖಾರವಾಗಿ ಬರೆದಿದ್ದೆ. ಆ ಪುಟ ಈಗಲೂ ಇದೆ, ಹರಿಯುವುದಕ್ಕೆ ಧೈರ್ಯ ಬಂದಿಲ್ಲ.

"ಏನೂ ಇಲ್ಲ ಅಂತ ಬಂತು," ಎಂದು ನೀನು ಮುಗಿಸಿದೆ. "ನಿಮ್ಮ ಚಿಕ್ಕಪ್ಪಂಗೆ ಹೇಳಿಲ್ಲ. ಪಾಪ, ಅವರ ಕೈ ನಡುಗಿದ್ರೆ ಗಿರಾಕಿ ಕಥೆ ಏನು?"

ಅದಾದ ಮೇಲೆ ನಾನು ಒಂದು ನಿಮಿಷ ಇಬ್ಬರೂ ಸುಮ್ಮನೆ ಕೂರೋಣ ಎಂದೆ. ಯಾಕೆ ಎಂದೆ ನೀನು. ಮಾತಿನ ಕೆಳಗೆ ಹಾಸುವುದಕ್ಕೆ ಕೋಣೆಯ ಸದ್ದು ಬೇರೆಯಾಗಿ ಬೇಕು ಎಂದು ವಿವರಿಸಿದೆ. ನಮ್ಮ ಸದ್ದಿನ ಮೇಷ್ಟ್ರು ಎರಡು ವರ್ಷದಿಂದ ಹೇಳುವುದೇ ಅದು: ಜಾಗದ ಸದ್ದಿಲ್ಲದ ಮಾತು ನೆಲವಿಲ್ಲದೆ ನಿಂತ ಕುರ್ಚಿ. ನೀನು ಬಾಯಿಗೆ ಸೆರಗು ಒತ್ತಿಕೊಂಡು ಕೂತೆ. ಸುಮ್ಮನಿರಬೇಕು ಎಂದಾಗಲೇ ನಿನಗೆ ನಗು ಬರುತ್ತದಲ್ಲ, ಭುಜ ಕುಣಿಯುತ್ತಿತ್ತು. ಅಷ್ಟರಲ್ಲಿ ಗೋಡೆಯ ಗಡಿಯಾರ ಆರು ಹೊಡೆಯಿತು. ಆರಾದ ಮೇಲೆ, ಯಾವಾಗಲೂ ಮಾಡುವ ಹಾಗೆ, ಅರೆಗಳಿಗೆ ತಡೆದು ಇನ್ನೊಂದು ಹೊಡೆತ, ಮೂಗು ಕಟ್ಟಿದವರು ಸೀನಿದ ಹಾಗೆ. ನೀನು ಗಡಿಯಾರದ ಕಡೆ ತಿರುಗಿ ಮೂಗು ಹಿಡಿದು ತೋರಿಸಿದೆ. ನಾನು ನಗು ತಡೆಯಲಾರದೆ ಮೈಕ್ ಆರಿಸಿದೆ. ಅದೇ ಚಿಕ್ಕಮ್ಮಾ, ನಾವಿಬ್ಬರೂ ಒಟ್ಟಿಗೆ ನಕ್ಕ ಕೊನೆಯ ಸಲ.

ಬುಧವಾರ ನಮ್ಮ ವಿಭಾಗದ ಸದ್ದಿನ ಪ್ರಯೋಗಾಲಯದಲ್ಲಿ ಕೂತು ನಿನ್ನ ಧ್ವನಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿದೆ. ಯಾರೋ ವಯಸ್ಸಾದ ಗಂಡಸಿನ ಹಾಗೆ ಕೇಳಿಸಿತು. ನನಗೇ ನಿನ್ನ ಗುರುತು ಸಿಗಲಿಲ್ಲ, ಹೆಮ್ಮೆಪಟ್ಟೆ. ಆಮೇಲೆ ಅದರ ಕೆಳಗೆ ಕೋಣೆಯ ಸದ್ದನ್ನು ಹಾಸಿದೆ, ಇದ್ದದ್ದು ಇದ್ದ ಹಾಗೆ. 'ಏನೂ ಇಲ್ಲ ಅಂತ ಬಂತು' ಎಂಬ ಮಾತಿನ ನಂತರ ಗಡಿಯಾರ ಹೊಡೆಯುವಂತೆ ಕೂಡಿಸಿದೆ. ಆರು ಹೊಡೆತ, ಆಮೇಲೆ ಆ ಸೀನು. ಮೇಷ್ಟ್ರು ಕಣ್ಣು ಮುಚ್ಚಿ ಕೇಳಿದವರು, "ಆ ಗಡಿಯಾರಕ್ಕೆ ಇನ್ನೂ ಸ್ವಲ್ಪ ಜೋರು ಕೊಡು," ಎಂದರು. ಕೊಟ್ಟೆ. ಗೋಡೆಗೂ ಕಿವಿ ಇದೆ ಎಂದು ಕೇಳಿದ್ದೆ. ಬಾಯಿ ಇರುವುದನ್ನು ಮರೆತೆ.

ಆ ಗಡಿಯಾರದ ಕಥೆ ನನಗೆ ಗೊತ್ತಿಲ್ಲದ್ದಲ್ಲ. ಹದಿನೈದು ವರ್ಷ ದುಡಿದದ್ದಕ್ಕೆ ಲಾಂಡ್ರಿಯವರು ಕೊಟ್ಟದ್ದು. ಅದು ಸೀನುತ್ತದೆ ಎಂದು ನೀನು ಎರಡು ಸಲ ಹೊತ್ತುಕೊಂಡು ಹೋಗಿ ವಾಪಸು ಕೊಟ್ಟೆ. "ನೀವು ಕೊಟ್ಟಿದ್ದಕ್ಕೆ ನೆಗಡಿ ಆಗಿದೆ ಸಾರ್, ಔಷಧಿ ಹಾಕ್ಸಿ." ಒಂದು ವಾರ ಅದು ಸೂಪರ್‌ವೈಸರನ ಮೇಜಿನ ಮೇಲಿತ್ತು, ಗಂಟೆ ಹೊಡೆದಾಗಲೆಲ್ಲ ಅವನು ಬೆಚ್ಚಿಬೀಳುತ್ತಿದ್ದ. ಕೊನೆಗೆ, "ಒಳ್ಳೆ ಗಡಿಯಾರ ಕಣಮ್ಮಾ, ಒಂದು ಹೊಡೆತ ಜಾಸ್ತೀನೇ ಕೊಡುತ್ತೆ, ತಗೊಂಡು ಹೋಗು," ಎಂದು ನಿನಗೇ ಹೊರಿಸಿದ. ಇದನ್ನೆಲ್ಲ ನೀನು ಫೋನಿನಲ್ಲಿ ನಗುನಗುತ್ತಾ ಹೇಳಿದ್ದೆ. ನಾನು ಏನೋ ಟೈಪು ಮಾಡುತ್ತಾ 'ಹೂಂ' ಅನ್ನುತ್ತಿದ್ದೆ. ಕೇಳುವುದನ್ನೇ ಕಲಿಯಲು ಬಂದವಳು ಕೇಳಿರಲಿಲ್ಲ. ಪ್ರಸಾರದ ಮೊದಲು ಒಂದು ಸಲ ನಿನಗೆ ಕೇಳಿಸಿದ್ದರೆ ಸಾಕಿತ್ತು. ಮೊದಲ ಹೊಡೆತಕ್ಕೇ ನೀನು, "ಅಯ್ಯೋ, ಇವನನ್ನ ಯಾಕೆ ಕರೆದೆ?" ಎನ್ನುತ್ತಿದ್ದೆ.

ಯಾಕೆ ಕೇಳಿಸಲಿಲ್ಲ ಎಂದು ಬರೆಯದೆ ಹೋದರೆ ಈ ಕಾಗದಕ್ಕೆ ಅರ್ಥವಿಲ್ಲ. ಸುದ್ದಿ ಕೊಟ್ಟವರಿಗೆ ಸುದ್ದಿಯನ್ನು ಮೊದಲೇ ತೋರಿಸಬೇಡಿ ಎಂದು ನಮಗೆ ಕಲಿಸುತ್ತಾರೆ. ತೋರಿಸಿದರೆ ಮಂತ್ರಿ ತನ್ನ ಮಾತು ತಿದ್ದುತ್ತಾನೆ, ಅಧಿಕಾರಿ ಅಳಿಸುತ್ತಾನೆ. ನಿಯಮ ಸರಿಯಾಗಿಯೇ ಇದೆ. ಮಂತ್ರಿಗೆಂದು ಮಾಡಿದ ನಿಯಮವನ್ನು ನಾನು ನಿನಗೆ ಹಾಕಿದೆ. ಅದೂ ನೆಪ. ನಿಜ ಇನ್ನೂ ಸಣ್ಣದು. ಕೇಳಿಸಿದರೆ ನೀನು ಲೋಟದ ಮಾತು ತೆಗೆಯೆನ್ನುತ್ತೀಯೆಂದು ನನಗೆ ಹೆದರಿಕೆಯಿತ್ತು. ಇಪ್ಪತ್ತೆರಡು ನಿಮಿಷದಲ್ಲಿ ಕೇಳಿದವರ ಗಂಟಲು ಕಟ್ಟುವ ಜಾಗ ಅದೊಂದೇ ಎಂದು ನನಗೆ ಗೊತ್ತಿತ್ತು. ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ನಿನ್ನ ಮೂರು ತಿಂಗಳ ಹೆದರಿಕೆ ನನಗೆ ಒಳ್ಳೆಯ ಕಾರ್ಯಕ್ರಮವಾಗಿ ಕಂಡಿತು.

ಸೋಮವಾರ ಬೆಳಿಗ್ಗೆ ಹನ್ನೊಂದೂವರೆಗೆ ಪ್ರಸಾರವಾಯಿತು. ಸ್ನೇಹಿತರು ಬೆನ್ನು ತಟ್ಟಿದರು. ಎಲ್ಲರಿಗೂ ಟೀ ಆಯಿತು. ನಾನು ನಿನಗೆ ಫೋನ್ ಮಾಡಿದೆ, ನೀನು ಎತ್ತಲಿಲ್ಲ.

ಶನಿವಾರ ಚಿಕ್ಕಪ್ಪ ಹಾಸ್ಟೆಲಿನ ಗೇಟಿಗೆ ಬಂದರು. ವಾರದಲ್ಲಿ ಭಾನುವಾರ ಬಿಟ್ಟರೆ ಅತಿ ಹೆಚ್ಚು ಗಿರಾಕಿ ಬರುವ ದಿನ ಅಂಗಡಿ ಮುಚ್ಚಿ ಬಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ಅಂಗಿಯ ತೋಳಿನ ಮೇಲಿದ್ದ ಕೂದಲ ಚೂರುಗಳನ್ನು ಒಂದೊಂದಾಗಿ ಕೀಳುತ್ತಾ ನಿಂತರು. "ನಿನ್ನ ಧ್ವನಿ ಬರುತ್ತೆ ಅಂತ ಯಾವಾಗ್ಲೂ ನಿಮ್ಮ ಸ್ಟೇಷನ್ನೇ ಹಾಕಿರ್ತೀನಿ," ಎಂದರು. ಯಾರೋ ಮುದುಕ ಮಾತಾಡುತ್ತಿದ್ದಾನೆ, ಪಾಪ ಎಂದುಕೊಂಡೇ ಕೇಳಿದರಂತೆ. ಆಮೇಲೆ ನಮ್ಮ ಮನೆಯ ಗಡಿಯಾರ ಸೀನಿತಂತೆ. "ರೇಜರ್ ಹಾಗೇ ನಿಲ್ಲಿಸ್ಬಿಟ್ಟೆ ಕಣೇ. ಗಿರಾಕಿ, 'ಏನಾಯ್ತು?' ಅಂದ. ನಾನು, 'ಏನಿಲ್ಲ, ನಮ್ಮನೆ ಗಡಿಯಾರ,' ಅಂದೆ. ಅವನು ನಕ್ಕ." ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. "ನನಗೆ ಹೇಳದ್ದನ್ನ ಅವಳು ನಿನಗೆ ಹೇಳಿದ್ಲು. ನೀನು ಊರಿಗೆಲ್ಲ ಹೇಳ್ದೆ. ಮಧ್ಯದಲ್ಲಿ ನಾನು ಯಾರು?" ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನಾನೂ ವಾದಿಸುತ್ತಿದ್ದೆನೇನೋ. ಗುರುವಾರವೇ ನಿನ್ನನ್ನು ಮನೆಗೆ ಕಳಿಸಿದ ವಿಷಯ ಹೇಳಿ, ಬಸ್ಸು ಬಂತೆಂದು ಹೊರಟರು. ಅಂದು ಅವರು ನನ್ನನ್ನು ಒಮ್ಮೆಯೂ ಕರಪತ್ರ ಎಂದು ಕರೆಯಲಿಲ್ಲ.

ಮಾರನೆಯ ದಿನ, ಕಳೆದ ಭಾನುವಾರ, ನಾನು ಬಂದಿದ್ದೆ. ನಿನಗೆ ಗೊತ್ತಿಲ್ಲ. ಮೆಟ್ಟಿಲ ಮೇಲೆ ನಿಂತಿದ್ದೆ. ಒಳಗೆ ಪಾತ್ರೆ ಇಟ್ಟ ಸದ್ದು, ನೀನು ಕೆಮ್ಮಿದ ಸದ್ದು. ಗಡಿಯಾರ ಹೊಡೆಯಿತು, ಸೀನಿತು. ಯಾವಾಗಲೂ ಅದರ ಹಿಂದೆಯೇ ನಿನ್ನ ನಗು ಬರುತ್ತಿತ್ತಲ್ಲ, ಬರಲಿಲ್ಲ. ಎತ್ತಿದ ಕೈ ಬಾಗಿಲಿಗೆ ತಾಗಲಿಲ್ಲ. ಹಿಂದಕ್ಕೆ ಬಂದುಬಿಟ್ಟೆ. ಭಾಷಣದಲ್ಲಿ ಯಾರಿಗೂ ಹೆದರದವಳು ಹೀಗೆ ಬಂದಳು.

ಮಂಗಳವಾರ ಗುಂಡಿ ಅಕ್ಕ ಸಿಕ್ಕಿ ಉಳಿದದ್ದನ್ನು ಹೇಳಿದಳು. ಹೆಸರು ಹೇಳದಿದ್ದರೂ ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿ ಈ ಕಡೆ ಒಂದೇ ಅಲ್ಲವೇ. ಮಾಲೀಕ ಕಾರ್ಯಕ್ರಮ ತರಿಸಿ ಸೂಪರ್‌ವೈಸರನನ್ನು ಕೂರಿಸಿಕೊಂಡು ಕೇಳಿದನಂತೆ. "ಗಡಿಯಾರ ಬಂದಾಗ ಮೊದಲು ನಕ್ಕುಬಿಟ್ಟ ಕಣಮ್ಮಾ ಆ ಸೂಪರ್‌ವೈಸರು. ಆಮೇಲೆ ಮುಖ ಕಪ್ಪಗಾಯ್ತು." ಇನ್ನೊಂದು ಮಾತನ್ನೂ ಹೇಳಿದಳು. ಆ ವಾರವೇ ಬೀರುವಿನ ಬೀಗ ತೆಗೆದರಂತೆ, ಸೂಜಿ ಹಾಕಲು ದಪ್ಪ ಡಬ್ಬಗಳೂ ಬಂದವಂತೆ. "ಈಗ ಎಲ್ಲರ ಕೈಗೂ ಗ್ಲೌಸ್ ಬಂದಿದೆ. ನಿಮ್ಮ ಚಿಕ್ಕಮ್ಮನ ಕೈ ಒಂದೇ ಖಾಲಿ." ಕೇಳಿದ ಕೂಡಲೇ ನನಗೆ ಮೊದಲು ಆದದ್ದು ಸಂತೋಷ. ಅದನ್ನೂ ಮುಚ್ಚಿಡುವುದಿಲ್ಲ. ಸಂತೋಷವಾಯಿತು, ಅದರ ಬೆನ್ನಿಗೇ ನಾಚಿಕೆಯಾಯಿತು. ಎರಡೂ ಈಗಲೂ ಒಟ್ಟಿಗೇ ಇವೆ, ಯಾವುದನ್ನು ಹೊರಗೆ ಕಳಿಸಬೇಕೋ ತಿಳಿಯುತ್ತಿಲ್ಲ.

ನಿನಗೆ ಸಹಿ ಹಾಕಲು ಒಂದು ಕಾಗದ ಕೊಟ್ಟಿದ್ದಾರೆಂದೂ ಅವಳೇ ಹೇಳಿದಳು. 'ಅಕ್ಕನ ಮಗಳು ಬರೆದುಕೊಟ್ಟದ್ದನ್ನು ಓದಿದೆ, ಅದರಲ್ಲಿ ನಿಜವಿಲ್ಲ.' ಹಾಕಿದರೆ ಕೆಲಸಕ್ಕೆ ವಾಪಸು. ನನಗೂ ಒಂದು ಕಾಗದ ಕೊಟ್ಟಿದ್ದಾರೆ, ಗೊತ್ತಾ. ಬುಧವಾರ ವಿಭಾಗದ ಮುಖ್ಯಸ್ಥರು ಕರೆಸಿದರು. ಕಾರ್ಯಕ್ರಮ ಕಟ್ಟುಕಥೆ ಎಂದು ಮಾಲೀಕ ದೂರು ಕೊಟ್ಟಿದ್ದಾನೆ. ಗಡಿಯಾರ ಸಾಕ್ಷಿ ಹೇಳುವುದಿಲ್ಲ, ಅವನಿಗೆ ಧ್ವನಿ ಬೇಕು. ಮೇಡಮ್ ಕೆಟ್ಟವರಲ್ಲ. ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡು, "ನೋಡಮ್ಮಾ, ಒಂದೋ ಬದಲಾಯಿಸದ ಮೂಲ ಧ್ವನಿ ಸಮಿತಿ ಮುಂದಿಡು, ಇಲ್ಲಾ ಕಲ್ಪಿಸಿ ಮಾಡಿದ್ದು ಅಂತ ಇದಕ್ಕೆ ಸಹಿ ಹಾಕಿ ಕ್ಷಮೆ ಕೇಳು, ಬೇರೆ ಪ್ರಾಜೆಕ್ಟ್ ಕೊಡ್ತೀವಿ. ಎರಡೂ ಇಲ್ಲ ಅಂದ್ರೆ ಇದು ರದ್ದು. ಪ್ರಾಜೆಕ್ಟ್ ಇಲ್ದೆ ಎಂ.ಎ. ಇಲ್ಲ," ಎಂದರು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಮಿತಿ.

ಅಲ್ಲಿಂದ ನೇರವಾಗಿ ಪ್ರಯೋಗಾಲಯಕ್ಕೆ ಹೋದೆ. ನಿನ್ನ ಮೂಲ ಧ್ವನಿ ಇದ್ದದ್ದು ಎರಡೇ ಕಡೆ: ಅಲ್ಲಿನ ಕಂಪ್ಯೂಟರಿನಲ್ಲಿ ಮತ್ತು ರೆಕಾರ್ಡರಿನ ಉಗುರಗಲದ ಕಾರ್ಡಿನಲ್ಲಿ. ಸದ್ದಿನ ಮೇಷ್ಟ್ರು ಒಬ್ಬರೇ ಕೂತಿದ್ದರು. ನನ್ನ ಮುಖ ನೋಡಿದರು. "ನಾನು ಟೀ ಕುಡಿದು ಬರ್ತೀನಿ. ಬಿಸಿ ಜಾಸ್ತಿ ಇರುತ್ತೆ, ಕಾಲು ಗಂಟೆ ಬೇಕು," ಎಂದು ಎದ್ದುಹೋದರು. ಕಂಪ್ಯೂಟರಿನಲ್ಲಿದ್ದದ್ದನ್ನು ಅಳಿಸಿದೆ ಚಿಕ್ಕಮ್ಮಾ. ಅಳಿಸುವ ಮೊದಲು ಒಂದೇ ಒಂದು ಸಲ, ಬದಲಾಯಿಸದ ನಿನ್ನ ಧ್ವನಿಯಲ್ಲಿ 'ಮನೇಲಿ ಮಗು ಇತ್ತು' ಎನ್ನುವುದನ್ನು ಕೇಳಿದೆ. ಈಗ ಇರುವುದು ಆ ಕಾರ್ಡೊಂದೇ. ಎಂಟನೆಯ ತರಗತಿಯಲ್ಲಿ ಚಿಕ್ಕಪ್ಪ ಕೊಡಿಸಿದ ಕಂಪಾಸ್ ಬಾಕ್ಸಿನಲ್ಲಿದೆ. ದಿನಕ್ಕೆ ಇಪ್ಪತ್ತು ಸಲ ತೆರೆದು ನೋಡುತ್ತೇನೆ. ಗ್ರಂಥಾಲಯಕ್ಕೂ ಸ್ನಾನದ ಮನೆಗೂ ಅದು ನನ್ನ ಜೊತೆಗೇ ಬರುತ್ತದೆ. ನಿನಗೆ ಆ ಮೂರು ತಿಂಗಳು ಹೇಗೆ ಕಳೆದಿರಬಹುದು ಎಂದು ಈ ಹನ್ನೊಂದು ದಿನದಲ್ಲಿ ಒಂದಿಷ್ಟು ತಿಳಿಯಿತು. ಒಂದಿಷ್ಟೇ. ನಾನು ಕಾಯುತ್ತಿರುವುದನ್ನು ನಾಲ್ಕು ಜನರಿಗಾದರೂ ಹೇಳಿಕೊಂಡಿದ್ದೇನೆ, ನೀನು ಒಬ್ಬಳೇ ಕಾದವಳು.

ನನ್ನ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ನಿನಗೆ ಆದದ್ದನ್ನು ಆಗಲಿಲ್ಲ ಎಂದು ನನ್ನ ಕೈ ಬರೆಯುವುದಿಲ್ಲ. ಇನ್ನೂ ಹದಿಮೂರು ಜೊತೆ ಕೈಗಳಿವೆ, ನಾನು ಕಟ್ಟುಕಥೆ ಎಂದ ದಿನ ಆ ಬೀರುವಿಗೆ ಮತ್ತೆ ಬೀಗ ಬೀಳುತ್ತದೆ. ನಿನ್ನ ಧ್ವನಿಯನ್ನೂ ಅವರಿಗೆ ಕೊಡುವುದಿಲ್ಲ. ಎಂ.ಎ. ಹೋದರೆ ಹೋಗುತ್ತದೆ. ಹೀಗೆ ಬರೆಯುವಾಗ ನನ್ನ ಅಕ್ಷರ ಎಷ್ಟು ನೆಟ್ಟಗಿದೆ ನೋಡು. ಆದರೆ ಸೋಮವಾರ ಸಮಿತಿಯ ಉದ್ದ ಮೇಜಿನ ಮುಂದೆ ಐದು ಜನರ ಎದುರು ನಿಂತಾಗ ಇಷ್ಟೇ ನೆಟ್ಟಗಿರುತ್ತೇನೆಯೇ, ಗೊತ್ತಿಲ್ಲ. ಅಮ್ಮನಿಗೆ ಏನು ಹೇಳಲಿ, ಅದೂ ಗೊತ್ತಿಲ್ಲ.

ನಿನ್ನ ಕಾಗದ ನಿನ್ನದು. ಸಹಿ ಹಾಕಬೇಡ ಎಂದು ನನ್ನೊಳಗಿನ ಕರಪತ್ರ ಕೂಗುತ್ತಲೇ ಇದೆ, ಅದರ ಬಾಯಿಗೆ ನಿನ್ನ ಹಳೆಯ ಕಾಲುಚೀಲ ತುರುಕಿದ್ದೇನೆ. ನೀನು ಹಾಕಿದರೆ ಸಮಿತಿಯ ಮುಂದೆ ನಾನು ಸುಳ್ಳಿಯಾಗುತ್ತೇನೆ. ಆಗಲಿ. ನಿನ್ನನ್ನು ಸುಳ್ಳಿ ಎನ್ನುವುದಿಲ್ಲ, ಮನಸ್ಸಿನಲ್ಲೂ ಅನ್ನುವುದಿಲ್ಲ. ಈ ಸಲ ನಿನ್ನ ವಾಕ್ಯದ ಉಳಿದರ್ಧವನ್ನು ನಾನು ತುಂಬುವುದಿಲ್ಲ.

ಭಾನುವಾರ ಕಾರ್ಡನ್ನೂ ರೆಕಾರ್ಡರನ್ನೂ ತರುತ್ತೇನೆ. ಮೊದಲು ಇಪ್ಪತ್ತೆರಡು ನಿಮಿಷದ ಕಾರ್ಯಕ್ರಮ, ಊರೆಲ್ಲ ಕೇಳಿದ್ದನ್ನು ನೀನೊಬ್ಬಳೇ ಕೇಳಿಲ್ಲವಲ್ಲ, ಅದನ್ನು ಕೇಳಿಸುತ್ತೇನೆ. ನಿಲ್ಲಿಸು ಎಂದಲ್ಲಿ ನಿಲ್ಲಿಸುತ್ತೇನೆ. ಚಿಕ್ಕಪ್ಪ ಪಕ್ಕದಲ್ಲಿ ಇರಬೇಕೋ ಬೇಡವೋ ನೀನು ಹೇಳು. ಆಮೇಲೆ ಕಾರ್ಡು ನಿನ್ನ ಕೈಗೆ. ಒಲೆಗೆ ಹಾಕುತ್ತೀಯೋ, ಬೀರುವಿನಲ್ಲಿಡುತ್ತೀಯೋ, ಇಲ್ಲ ಸೋಮವಾರ ನೀನೇ ಎತ್ತಿಕೊಂಡು ಬಂದು ಆ ಉದ್ದ ಮೇಜಿನ ಮೇಲೆ ಇಡುತ್ತೀಯೋ, ನಾನು ಕೇಳುವುದಿಲ್ಲ. ನನ್ನದೊಂದು ಆಸೆ ಮಾತ್ರ ಇದೆ. ಕಿಟಕಿಯ ಮೇಲೆ ಆ ಸೊಟ್ಟ ಲೋಟ ಈಗಲೂ ಇದ್ದರೆ, ಅದರಲ್ಲಿ ನನಗೆ ಒಂದು ಲೋಟ ನೀರು ಕೊಡು.

ಬೈಯುವುದಿದ್ದರೆ ಎಲ್ಲ ಒಟ್ಟಿಗೇ ಬೈದುಬಿಡು, ಉಳಿಸಿಕೊಳ್ಳಬೇಡ. ಹೆಬ್ಬೆರಳು ಜೋಪಾನ, ಎರಡೂ ಕೈ ಜೋಪಾನ. ಆ ಕೈ ನನ್ನ ತಲೆಯ ಮೇಲೆ ಬರುವುದೋ ಬೆನ್ನ ಮೇಲೆ ಬರುವುದೋ, ಎರಡಕ್ಕೂ ಬಾಗಿಯೇ ಬರುತ್ತೇನೆ.

ನಿನ್ನ ಮನೆಯಲ್ಲಿ ಮಾತು ಕಲಿತು, ಕೇಳುವುದನ್ನು ಇನ್ನೂ ಕಲಿಯುತ್ತಿರುವ,
ಕರಪತ್ರ

ಭಾನುವಾರ, ಸಂಜೆ ಆರು ಗಂಟೆ. ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಆರು ಹೊಡೆಯಲಿ, ಅದು ಸೀನಲಿ, ಆಮೇಲೆ ಬಾಗಿಲು ತಟ್ಟುತ್ತೇನೆ.